ಹಳೆಯ ಕಿಟಕಿಯ ಗಾಜು ಹರಿಯುವುದಿಲ್ಲ: ಒಂದು ಸ್ಪಷ್ಟನೆ

ಧಾರವಾಡದ ಹಳೆಯ ಬಂಗಲೆಗಳ ಕಿಟಕಿ ಗಾಜು ಬುಡದಲ್ಲಿ ದಪ್ಪಗಿರುವುದಕ್ಕೆ, ಗಾಜು ‘ಸಡಿಲ ಬಂಧ’ಗಳಿಂದಾಗಿ ನಿಧಾನವಾಗಿ ಕೆಳಕ್ಕೆ ಹರಿಯುವ ದ್ರವವಾಗಿರುವುದೇ ಕಾರಣವೆಂದು ವಾಟ್ಸಾಪ್‌ನಲ್ಲಿ ಓಡಾಡುತ್ತಿರುವ ಸಂದೇಶವು ಸರಿಯಲ್ಲ. ಗಾಜಿನಲ್ಲಿ ಸ್ಫಟಿಕದಂತಹ ಕ್ರಮಬದ್ಧ ಜೋಡಣೆ ಇಲ್ಲವೆಂಬುದು ನಿಜ. ಆದರೆ, 1932ರಲ್ಲಿ ವಿಜ್ಞಾನಿ ಜಕಾರಿಯಾಸೆನ್ ವಿವರಿಸಿದಂತೆ, ಪ್ರತಿ ಸಿಲಿಕಾನ್ ಪರಮಾಣು ನಾಲ್ಕು ಆಮ್ಲಜನಕ ಪರಮಾಣುಗಳೊಂದಿಗೆ ಬಲವಾಗಿ ಬೆಸೆದುಕೊಂಡು, ಹೀಗೆ ಉಂಟಾದ ಚತುರ್ಮುಖಿಗಳು (ನಾಲ್ಕು ಮುಖದ ಘನಾಕೃತಿಗಳು) ಮೂಲೆಗಳಲ್ಲಿ ಕೂಡಿ ಅಡ್ಡಾದಿಡ್ಡಿಯಾದರೂ ಎಡೆಬಿಡದ ಜಾಲವೊಂದನ್ನು ಕಟ್ಟುತ್ತವೆ. ಕಿಟಕಿ ಗಾಜಿಗೆ ಬೆರೆಸುವ ಸೋಡಾದಿಂದ ಕೆಲವು ಸೇತುಬಂಧಗಳು (ಎರಡು ಸಿಲಿಕಾನ್‌ಗಳನ್ನು ಆಮ್ಲಜನಕದ ಮೂಲಕ ಜೋಡಿಸುವ ಕೊಂಡಿಗಳು) ಕಡಿದು, ಒಂದೇ ಸಿಲಿಕಾನಿಗೆ ಅಂಟಿದ ಆಮ್ಲಜನಕಗಳು ಉಳಿಯುತ್ತವೆ. ಸಂದೇಶದಲ್ಲಿ ‘ಸಡಿಲ ಬಂಧ’ ಎಂದಿರುವುದು ಪ್ರಾಯಶಃ ಇದನ್ನೇ. ಇದರಿಂದ ಗಾಜು ಮೆದುವಾಗುವ ಉಷ್ಣತೆ ಇಳಿಯುತ್ತದೆ, ನಿಜ. ಆದರೂ ಅದಕ್ಕೆ ಸುಮಾರು 550 ಡಿಗ್ರಿ ಸೆಲ್ಸಿಯಸ್ ದಾಟಬೇಕು, ಹುಬ್ಬಳ್ಳಿಯ ಏಪ್ರಿಲ್ ಬಿಸಿಲು ಸಾಲದು. ದಪ್ಪದ ವ್ಯತ್ಯಾಸವು ಹಿಂದಿನ ತಯಾರಿಕೆಯದು: ಊದಿ, ತಿರುಗಿಸಿ ಹರಡಿದ ಹಾಳೆಗಳು ಸಮನಾಗಿರುತ್ತಿರಲಿಲ್ಲ, ದಪ್ಪ ಅಂಚು ಮೇಲಿರುವ ಹಳೆಯ ಗಾಜುಗಳೂ ಸಿಗುತ್ತವೆ.