ಕೊಹಿಮಾದ ಗೋಡೆ, ಕಾರವಾರದ ಮೂರ್ತಿ

ಕಳೆದ ನವೆಂಬರಿನಲ್ಲಿ ಅಮ್ಮನನ್ನು ಕರೆದುಕೊಂಡು ನಾಗಾಲ್ಯಾಂಡಿಗೆ ಹೋಗಿದ್ದೆ. ತಂಗಿಯ ಗಂಡ ಸೈನ್ಯದಲ್ಲಿದ್ದಾರೆ, ಈಗ ದಿಮಾಪುರದ ಕಡೆ. ಬನ್ನಿ ಬನ್ನಿ ಅಂತ ಎರಡು ವರ್ಷದಿಂದ ಕರೆಯುತ್ತಿದ್ದರು. ಒಂದು ದಿನ ಬೆಳಿಗ್ಗೆ ಬಾಡಿಗೆ ಗಾಡಿ ಮಾಡಿಕೊಂಡು ಕೊಹಿಮಾಕ್ಕೆ ಹೊರಟೆವು. ಸುಮಾರು 70 ಕಿಲೋಮೀಟರ್. ದೇವಿಮನೆ ಘಾಟಿ ಹತ್ತಿ ಇಳಿದು ರೂಢಿಯಿರುವ ನಮಗೂ ತಲೆ ತಿರುಗಿತು.

ಅಲ್ಲಿಯ ವಾರ್ ಸಿಮೆಟ್ರಿ, ಅಂದರೆ ಯುದ್ಧದಲ್ಲಿ ಸತ್ತ ಸೈನಿಕರ ಸ್ಮಶಾನ, ಊರ ನಡುವೆಯೇ ಇದೆ. ಗುಡ್ಡದ ಮೇಲೆ ಮೆಟ್ಟಿಲು ಮೆಟ್ಟಿಲಾಗಿ ಹುಲ್ಲಿನ ಹಾಸು, ಸಾಲು ಸಾಲು ಸಣ್ಣ ಕಲ್ಲುಗಳು. ಎರಡನೇ ಮಹಾಯುದ್ಧದಲ್ಲಿ, 1944ರ ಏಪ್ರಿಲ್‌ನಿಂದ ಜೂನ್‌ವರೆಗೆ, ಇದೇ ಗುಡ್ಡಕ್ಕಾಗಿ ಬ್ರಿಟಿಷರ ಸೈನ್ಯಕ್ಕೂ ಜಪಾನಿ ಸೈನ್ಯಕ್ಕೂ ಕಾದಾಟ ನಡೆಯಿತು. ಡೆಪ್ಯುಟಿ ಕಮಿಷನರ್ ಬಂಗಲೆಯ ಟೆನಿಸ್ ಅಂಗಳದ ಈಚೆ ಒಬ್ಬರು, ಆಚೆ ಒಬ್ಬರು. ಆ ಅಂಗಳದ ಬಿಳಿ ಗೆರೆಗಳನ್ನು ಈಗಲೂ ಹಾಗೇ ಉಳಿಸಿದ್ದಾರೆ. ಇಷ್ಟೇ ಇಷ್ಟು ಜಾಗ. ನಮ್ಮೂರ ಶಾಲೆಯ ಅಂಗಳವೂ ಅದಕ್ಕಿಂತ ದೊಡ್ಡದು.

ಬಂದವರೆಲ್ಲ ಕೆಳಗಿನ ದೊಡ್ಡ ಸ್ಮಾರಕದ ಮುಂದೆ ಫೋಟೋ ತೆಗೆಸಿಕೊಳ್ಳುತ್ತಾರೆ. 'ನಿಮ್ಮ ನಾಳೆಗಾಗಿ ನಮ್ಮ ಇವತ್ತನ್ನು ಕೊಟ್ಟೆವು' ಅನ್ನುವ ಸಾಲು ಇರುವುದು ಅಲ್ಲೇ. ಅಮ್ಮ ಅಲ್ಲಿ ಜಾಸ್ತಿ ಹೊತ್ತು ನಿಲ್ಲಲಿಲ್ಲ. ಅವಳಿಗೆ ಇಂಗ್ಲಿಷ್ ಓದಲು ಬರುವುದಿಲ್ಲ. ಸೀದಾ ಒಂದು ಸಣ್ಣ ಕಲ್ಲಿನ ಹತ್ತಿರ ಹೋಗಿ ಕುಕ್ಕರಗಾಲಲ್ಲಿ ಕೂತಳು. ಕಲ್ಲಿನ ಮೇಲೆ ಕಂಚಿನ ತಗಡು. ಅದರ ಮೇಲೆ ಇಬ್ಬನಿ. ಸೆರಗಿನಿಂದ ಒರೆಸಿ, "ಓದು ತಮಾ" ಅಂದಳು. ಓದಿದೆ. ಸೈನ್ಯದ ನಂಬರು, ಹೆಸರು, ರೆಜಿಮೆಂಟು, ಸತ್ತ ದಿನ, ವಯಸ್ಸು 22. ಕೆಳಗೆ ಮನೆಯವರು ಬರೆಸಿದ ಒಂದು ಸಾಲು. "ಯಾರು ಬರೆಸಿದ್ದು, ತಾಯಿಯಾ?" ಅಂತ ಕೇಳಿದಳು. ಅಪ್ಪ ಅಮ್ಮ ಇಬ್ಬರೂ ಅಂದೆ. ಅಮ್ಮ ಆ ತಗಡಿನ ಮೇಲೆ ಕೈ ಇಟ್ಟುಕೊಂಡು ತುಂಬಾ ಹೊತ್ತು ಕೂತಿದ್ದಳು.

ಅಂಥ ಸಮಾಧಿಗಳು ಅಲ್ಲಿ 1,420 ಇವೆ. ಅಧಿಕಾರಿ, ಸಿಪಾಯಿ ಅಂತ ಭೇದ ಇಲ್ಲ, ಕಲ್ಲು ಎಲ್ಲರಿಗೂ ಒಂದೇ ಥರ.

ಆಮೇಲೆ ಅಮ್ಮ ಎದ್ದು ಕೇಳಿದಳು, "ಇವ್ರೆಲ್ಲ ಹೂತವ್ರು. ನಮ್ಮಲ್ಲಿ ಸುಡ್ತಾರಲ್ಲ, ಅವ್ರ ಕಲ್ಲು ಎಲ್ಲಿ?"

ಭಾವ ಹೇಳಿದರು, "ಮೇಲಿದೆ ಅತ್ತೆ, ಬನ್ನಿ."

ಗುಡ್ಡದ ತುತ್ತ ತುದಿಯಲ್ಲಿದೆ ಅದು. ಇಲ್ಲೇ ದಹನವಾದ 917 ಹಿಂದೂ ಮತ್ತು ಸಿಖ್ ಸೈನಿಕರ ಹೆಸರುಗಳು. ಅಮ್ಮನ ಮಂಡಿ ನೋವಿಗೆ ಅಷ್ಟು ಮೆಟ್ಟಿಲು ಸುಮ್ನೆ ಅಲ್ಲ, ಆದರೂ ಹತ್ತಿದಳು. ಅಲ್ಲಿ ನಾನು ಗಟ್ಟಿಯಾಗಿ ಓದುತ್ತಾ ಹೋದೆ. ಸಿಂಗ್, ರಾಮ್, ಥಾಪಾ. ಬೇಗ ಬೇಗ ಓದಿದರೆ "ನಿಧಾನ ಓದು" ಅಂತ ತಡೆಯುತ್ತಿದ್ದಳು. ಆಗ ನನಗೆ ಹೊಳೆದದ್ದು ಇಷ್ಟು: ಇಲ್ಲಿ ವಯಸ್ಸು ಇಲ್ಲ, ತಾಯಿಯ ಸಾಲು ಇಲ್ಲ. ಮುಟ್ಟಿ ಕೂರಲು ಒಬ್ಬೊಬ್ಬರಿಗೆ ಒಂದೊಂದು ಕಲ್ಲೂ ಇಲ್ಲ. ಅವರವರ ಪದ್ಧತಿಯಂತೆ ಸುಟ್ಟರು, ಅದು ಸರಿಯೇ. ಆದರೆ ಉಳಿದದ್ದು ಹೆಸರು ಮಾತ್ರ. ಅದನ್ನಾದರೂ ಬಾಯಿಬಿಟ್ಟು ಓದಬೇಕಲ್ವಾ?

ಊರಿಗೆ ಬಂದು ಇದನ್ನು ಹೇಳಿದಾಗ ಒಬ್ಬ ಗೆಳೆಯ ಬೇಜಾರು ಮಾಡಿಕೊಂಡ. "ಅದು ಬ್ರಿಟಿಷರ ಯುದ್ಧ. ಉಪ್ಪಿನ ಸತ್ಯಾಗ್ರಹ ಮಾಡಿದ ಅಂಕೋಲೆಯವರು ನಾವು. ಅವರ ಪರ ಸತ್ತವರಿಗೆ ಯಾಕೆ ಕೈ ಮುಗಿಯಬೇಕು? ಆಚೆ ಕಡೆ ನೇತಾಜಿಯ ಸೈನ್ಯ ಇರಲಿಲ್ವಾ?" ಪ್ರಶ್ನೆ ಸಣ್ಣದಲ್ಲ. 1930ರಲ್ಲಿ ಇಲ್ಲಿ ಉಪ್ಪು ಮಾಡಿ ಜೈಲಿಗೆ ಹೋದವರ ಮೊಮ್ಮಕ್ಕಳು ನಾವು. ಆಜಾದ್ ಹಿಂದ್ ಫೌಜಿನವರೂ ನಮ್ಮವರೇ, ಅವರಿಗೂ ಕೈ ಮುಗಿಯುತ್ತೇನೆ. ಆದರೆ ಗೋಡೆಯ ಮೇಲಿನ ಆ 917 ಜನರನ್ನು ಯಾರ ಪರ ಅಂತ ತೂಗಿ ನೋಡಲು ನನಗೆ ಮನಸ್ಸು ಬರುವುದಿಲ್ಲ.

ಕಾರವಾರದ ಹತ್ತಿರದ ನಮ್ಮ ಚೆಂಡಿಯಾದ ರಾಮ ರಾಘೋಬ ರಾಣೆಯವರನ್ನೇ ನೋಡಿ. ಆಗ ನಮ್ಮ ಜಿಲ್ಲೆ ಮುಂಬಯಿ ಪ್ರಾಂತ್ಯದಲ್ಲಿತ್ತು. ಅವರು 1940ರಲ್ಲಿ ಸೈನ್ಯದ ಎಂಜಿನಿಯರ್ ದಳವಾದ ಬಾಂಬೆ ಸ್ಯಾಪರ್ಸ್ ಸೇರಿದರು, ಬರ್ಮಾದ ಯುದ್ಧದಲ್ಲಿದ್ದರು. ಅದೇ ಮನುಷ್ಯ 1948ರ ಏಪ್ರಿಲ್‌ನಲ್ಲಿ ಜಮ್ಮು-ಕಾಶ್ಮೀರದ ನೌಷೇರಾ–ರಜೌರಿ ದಾರಿಯಲ್ಲಿ ಗುಂಡಿನ ಮಳೆಯ ನಡುವೆ ನೆಲಬಾಂಬು ತೆಗೆದು, ಕಡಿದು ಹಾಕಿದ್ದ ಮರಗಳನ್ನು ಸರಿಸಿ ಟ್ಯಾಂಕುಗಳಿಗೆ ದಾರಿ ಮಾಡಿಕೊಟ್ಟರು. ಪರಮವೀರ ಚಕ್ರ ಬಂತು. ಬರ್ಮಾದಲ್ಲೇ ಅವರು ಸತ್ತಿದ್ದರೆ ಎಲ್ಲೋ ಒಂದು ಗೋಡೆಯ ಮೇಲೆ ಅವರದೂ ಒಂದು ಹೆಸರಾಗಿರುತ್ತಿತ್ತು, ನಾವು ಬ್ರಿಟಿಷರ ಸಿಪಾಯಿ ಅಂತ ಬದಿಗೆ ಸರಿಸುತ್ತಿದ್ದೆವು.

ಹೋದ ವಾರ ಕಾರವಾರಕ್ಕೆ ಹೋದಾಗ ಅಮ್ಮನೇ "ರಾಣೆಯವರ ಮೂರ್ತಿ ನೋಡುವ" ಅಂದಳು. ಟ್ಯಾಗೋರ್ ಕಡಲತೀರದಲ್ಲಿ ಚಾಪಲ್ ಯುದ್ಧನೌಕೆಯ ಪಕ್ಕ ಇದೆಯಲ್ಲ, ಅಲ್ಲಿಗೆ. ಸಂಜೆ. ಮಕ್ಕಳು ಹಡಗು ಹತ್ತಲು ಓಡುತ್ತಿದ್ದರು. ಅದು ಖುಷಿಯೇ. ಆದರೆ ಅರ್ಧ ಗಂಟೆಯಲ್ಲಿ ಒಬ್ಬ ತಂದೆಯೂ ಮೂರ್ತಿಯ ಮುಂದೆ ನಿಂತು ಮಗುವಿಗೆ ಇವರು ಯಾರು ಅಂತ ಹೇಳಿದ್ದು ನಾನು ನೋಡಲಿಲ್ಲ. ಬೇಸರವಾಯಿತು. ಆಗಸ್ಟ್ 15ಕ್ಕೆ 'ವೀರ ಯೋಧರು' ಅನ್ನುತ್ತೇವೆ, ಒಂದು ಹೆಸರನ್ನೂ ಹೇಳದೆ ಚಾಕಲೇಟು ಹಂಚಿ ಮನೆಗೆ ಹೋಗುತ್ತೇವೆ. ಪ್ರತಿ ಊರಿನ ಶಾಲೆಯ ಗೋಡೆಯಲ್ಲಿ ಆ ಊರಿನಿಂದ ಹೋಗಿ ಬಾರದವರ ಹೆಸರು ಬರೆಯಲು ಎಷ್ಟು ಖರ್ಚು? ಒಂದು ಡಬ್ಬ ಬಣ್ಣ.

ಅಮ್ಮ ಚಪ್ಪಲಿ ಬಿಟ್ಟು ಮೂರ್ತಿಗೆ ಕೈ ಮುಗಿದಳು. ಏಪ್ರಿಲ್ 8ರಂದು ನಡೆದದ್ದನ್ನು ಹೇಳಿದೆ. ಕೆಲಸ ಶುರು ಮಾಡುತ್ತಿದ್ದಂತೆ ಮಾರ್ಟರ್ ಬಿತ್ತು, ಅವರ ತಂಡದ ಇಬ್ಬರು ಅಲ್ಲೇ ಸತ್ತರು, ಐವರಿಗೆ ಗಾಯವಾಯಿತು, ರಾಣೆಯವರೂ ಆ ಐವರಲ್ಲೊಬ್ಬರು ಅಂದೆ.

"ಆ ಇಬ್ರ ಹೆಸ್ರೆಂತದು?" ಅಂದಳು.

ಅವತ್ತು ರಾತ್ರಿಯೇ ಒಂದು ನೋಟ್‌ಬುಕ್ ತೆಗೆದಿಟ್ಟೆ. ಮೊದಲ ಪುಟದ ಎರಡು ಸಾಲು ಆ ಇಬ್ಬರಿಗೆ. ಉಳಿದ ಪುಟ ನಮ್ಮ ಜಿಲ್ಲೆಯವರಿಗೆ. ಭಟ್ಕಳದಿಂದ ಜೋಯಿಡಾದವರೆಗೆ ನಿಮ್ಮ ಊರಿನಿಂದ ಸೈನ್ಯಕ್ಕೆ ಹೋಗಿ ತಿರುಗಿ ಬಾರದವರಿದ್ದರೆ, ಯಾವ ಕಾಲದವರಾದರೂ ಸರಿ, ನನಗೆ ತಿಳಿಸಿ. ಹೆಸರು, ಊರು, ವಯಸ್ಸು. ಮನೆಯವರು ಹೇಳುವ ಒಂದು ಸಾಲು ಇದ್ದರೆ ಅದನ್ನೂ ಬರೆದು ಕಳಿಸಿ.