ಮಧ್ಯದಲ್ಲಿ 0.4 ಸೆಂಟಿಮೀಟರ್, ಮೀರಿದರೆ ಜೋಕೆ!

ಇಟಲಿಯ ನೇಪಲ್ಸ್‌ನ ಬಡಬಗ್ಗರು ಬೀದಿಯಲ್ಲಿ ನಿಂತೇ ನಾಲ್ಕಾಗಿ ಮಡಚಿ ತಿನ್ನುತ್ತಿದ್ದ ಪಿಜ್ಜಾಕ್ಕೆ 2010ರಲ್ಲಿ ಗೆಜೆಟ್ ಯೋಗ ಕೂಡಿಬಂತು. ಐರೋಪ್ಯ ಒಕ್ಕೂಟದ ನಿಯಮ ಸಂಖ್ಯೆ 97/2010. ‘ಪಿಜ್ಜಾ ನಪೊಲೆಟಾನಾ’, ಅಂದರೆ ಸಾಂಪ್ರದಾಯಿಕ ನೇಪಲ್ಸ್ ಪಿಜ್ಜಾ ಎಂಬ ಮುದ್ರೆ ಬೇಕೇ? ವ್ಯಾಸ 35 ಸೆಂ.ಮೀ. ದಾಟಕೂಡದು, ಅಂಚು 1ರಿಂದ 2 ಸೆಂ.ಮೀ. ಉಬ್ಬಿರಬೇಕು, ನಡುವಿನ ದಪ್ಪ 0.4 ಸೆಂ.ಮೀ. ಆಳುವವರಿಗೂ ಕರುಳಿದೆ, ಶೇ 10ರಷ್ಟು ಹೆಚ್ಚುಕಡಿಮೆ ಮಾಫಿ. ಅಂದರೆ 4.4 ಮಿಲಿಮೀಟರ್ ತನಕ ನೀವು ಸಂಪ್ರದಾಯಸ್ಥರು, 4.5 ಆಯಿತೋ, ಕುಲಗೆಟ್ಟಿರಿ.

ಹಿಟ್ಟಿನ ಲೆಕ್ಕದಲ್ಲಿ ಮಾತ್ರ ತಕರಾರಿಲ್ಲ. 1 ಲೀಟರ್ ನೀರಿಗೆ 50–55 ಗ್ರಾಂ ಸಮುದ್ರದ ಉಪ್ಪು ಕರಗಿಸಿ, ಹತ್ತನೇ ಒಂದು ಪಾಲು ಹಿಟ್ಟು ಕಲಸಿ, 3 ಗ್ರಾಂ ಯೀಸ್ಟ್ ಸೇರಿಸಿ, ಉಳಿದದ್ದನ್ನು ಸ್ವಲ್ಪಸ್ವಲ್ಪವೇ ಬೆರೆಸಬೇಕು. ಒಟ್ಟು ಸುಮಾರು 1.8 ಕೆ.ಜಿ. ನುಣ್ಣನೆಯ ಗೋಧಿಹಿಟ್ಟು. ಒದ್ದೆಬಟ್ಟೆಯಡಿ 2 ಗಂಟೆ, 180–250 ಗ್ರಾಂನ ಉಂಡೆ ಕಟ್ಟಿದ ಮೇಲೆ ಮತ್ತೆ 4ರಿಂದ 6 ಗಂಟೆ. ಲಟ್ಟಣಿಗೆ ನಿಷಿದ್ಧ, ಇದಕ್ಕೂ ಕಾರಣವಿದೆ. ಬೆರಳಿನಿಂದ ನಡುವಿನಿಂದಾಚೆಗೆ ಒತ್ತಿದರೆ ಹಿಟ್ಟಿನೊಳಗಿನ ಗಾಳಿ ಅಂಚಿಗೆ ಸರಿದು, ಒಲೆಯಲ್ಲಿ ಉಬ್ಬುತ್ತದೆ. ಲಟ್ಟಿಸಿದರೆ ಗಾಳಿಯೆಲ್ಲ ಹೊರಟುಹೋಗಿ ಹಪ್ಪಳ.

ಬಾಣಸಿಗರು ತಲೆಮಾರುಗಳಿಂದ ಬಲ್ಲ ಈ ವಿವೇಕ ಗುಮಾಸ್ತರ ಕೈಗೆ ಸಿಕ್ಕಿತು ನೋಡಿ. ಟೊಮೆಟೊವನ್ನು ಚಮಚದಲ್ಲಿ ಸುರುಳಿಯಾಗಿಯೇ ಹರಡಬೇಕು. 4–5 ಗ್ರಾಂ ಆಲಿವ್ ಎಣ್ಣೆಯೂ ನಡುವಿನಿಂದ ಸುರುಳಿಯಾಗಿಯೇ ಇಳಿಯಬೇಕು. ಅಡ್ಡಗೆರೆ ಎಳೆದವನ ಗತಿಯೇನೆಂದು ಯಾರೂ ಕೇಳಿಲ್ಲ. ಒಲೆ ಕಟ್ಟಿಗೆಯದೇ, ಶಾಖ 485 ಡಿಗ್ರಿ ಸೆಲ್ಸಿಯಸ್, ಬೇಯುವುದು 60ರಿಂದ 90 ಸೆಕೆಂಡ್. (250 ಡಿಗ್ರಿಯ ಮನೆಯ ಓವನ್‌ನಲ್ಲಿ ಅದೇ ಹಿಟ್ಟು ಎಂಟು ಹತ್ತು ನಿಮಿಷ ಕೂರಬೇಕಾಗುತ್ತದೆ. ಅಷ್ಟರಲ್ಲಿ ನೀರಿನಂಶ ಆರಿ ಅಂಚು ಗಟ್ಟಿ.)

ಒಲೆಯಿಂದ ಇಳಿದಾಗ ಹಿಟ್ಟು 60–65 ಡಿಗ್ರಿ, ಟೊಮೆಟೊ 75–80, ಮೊಝರೆಲ್ಲಾ ಚೀಸ್ 65–70 ಇರಬೇಕಂತೆ. ಅದೇ ಕಡತದಲ್ಲಿ ಇನ್ನೊಂದು ಸಾಲು: ಒಲೆಯಿಂದ ತೆಗೆದ ತಕ್ಷಣ, ಅಲ್ಲೇ ತಿನ್ನುವುದು ಉತ್ತಮ. ತನಿಖಾಧಿಕಾರಿ ಒಂದು ಕೈಯಲ್ಲಿ ಥರ್ಮಾಮೀಟರ್, ಇನ್ನೊಂದರಲ್ಲಿ ಅಳತೆಪಟ್ಟಿ ಹಿಡಿದು ನಿಂತರೆ ತಿನ್ನುವುದಕ್ಕೆ ಮೂರನೇ ಕೈ ಎಲ್ಲಿಂದ ತರಬೇಕು?

ಇಷ್ಟಾದರೂ ಮುಗಿಯಲಿಲ್ಲ. 2015ರ ಡಿಸೆಂಬರಿನಲ್ಲಿ ನೇಪಲ್ಸ್ ಪಕ್ಕದ ಸ್ಯಾನ್ ವಿಟಾಲಿಯಾನೊ ಪಟ್ಟಣದ ಮೇಯರ್, ಗಾಳಿ ಕೆಟ್ಟಿದೆಯೆಂದು ಆದೇಶ ಹೊರಡಿಸಿದರು. ಹೊಗೆಯ ಕಣಗಳಲ್ಲಿ ಶೇ 80ರಷ್ಟನ್ನು ಹಿಡಿಯುವ ಫಿಲ್ಟರ್ ಇಲ್ಲದಿದ್ದರೆ ಪಿಜ್ಜಾದಂಗಡಿಯವರು ಕಟ್ಟಿಗೆ ಉರಿಸುವಂತಿರಲಿಲ್ಲ! ಗ್ಯಾಸ್ ಹಚ್ಚಿದರೆ ಒಕ್ಕೂಟದ ಮುದ್ರೆ ಹೋಯಿತು, ಸೌದೆ ಒಡ್ಡಿದರೆ ಪುರಸಭೆಯವರು ಬಂದರು. ಪಿಜ್ಜಾದವನಿಗೆ ಆಗ ಹಿಟ್ಟಿಗಿಂತ ಮೊದಲು ಬೇಕಾದದ್ದು ಒಬ್ಬ ವಕೀಲ.