ಹೊಸ ಮೀನಿಗೆ ಊಟ ಸೇರುತ್ತಿಲ್ಲವಂತೆ

ಮನೆಗೆ ಬಂದವರೆಲ್ಲ ಚಪ್ಪಲಿ ಬಿಡುವ ಮೊದಲೇ ಕೇಳುವುದು ಒಂದೇ. “ತಿಂದ್ವಾ?” ನಾನಲ್ಲ, ಮೀನು. ಕೋಲಾರದಲ್ಲಿ ಯಾವುದೇ ಜೀವ ಊಟ ಬೇಡ ಅಂದರೆ ಅದು ಇಡೀ ಬೀದಿಯ ಸಮಸ್ಯೆ.

ಬೆಂಗಳೂರಿನಿಂದ ತಂದ ಹಳದಿ ಸಿಕ್ಲಿಡ್‌ಗಳು (ಸಿಕ್ಲಿಡ್ ಅನ್ನೋದು ಒಂದು ದೊಡ್ಡ ಮೀನಿನ ಕುಟುಂಬ), ಅಂಗಡಿಯವರು ಯೆಲ್ಲೋ ಲ್ಯಾಬ್ ಅಂತಾರೆ, ಕಲ್ಲಿನ ಸಂದಿ ಸೇರಿಕೊಂಡು ಪೆಲೆಟ್ ಕಡೆ, ಅಂದರೆ ಮೀನಿನ ಕಾಳಿನ ಕಡೆ, ತಿರುಗಿಯೂ ನೋಡುತ್ತಿಲ್ಲ. ಇದು ಮಾಮೂಲು. ಲೈಟ್ ಆರಿಸಿ ಸುಮ್ನೆ ಬಿಡಬೇಕು. ಆಮೇಲೆ ಒಂದು ಚಿಟಿಕೆ ಹಾಕಿ, ಉಳಿದದ್ದನ್ನು ಎತ್ತಿಬಿಡಬೇಕು. ಇಲ್ಲದಿದ್ದರೆ ಅದು ಕೊಳೆತು ಅಮೋನಿಯಾ ಏರಿ, ಹಸಿವಿನಿಂದ ಸಾಯದ ಮೀನು ಊಟದಿಂದ ಸಾಯುತ್ತದೆ. ಆದರೆ ಸುಮ್ನೆ ಬಿಡೋಕೆ ನಮ್ಮವರಿಗೆ ಬರಬೇಕಲ್ಲ. ಕಲ್ಯಾಣಿಯ ಮೀನಿಗೆ ಎಸೆಯುವ ಪುರಿಯನ್ನೇ ಎದುರುಮನೆ ಆಂಟಿ ಮುಷ್ಟಿ ತುಂಬ ತಂದರು. ಮಾವ ಎರೆಹುಳು ಹಾಕು ಅಂದರು. ಆಫ್ರಿಕಾದ ಮಲಾವಿ ಸರೋವರದ ಈ ಬಂಡೆ ಮೀನುಗಳಲ್ಲಿ ಬಹಳಷ್ಟು ಪಾಚಿ ಕೆರೆದು ಬದುಕುವಂಥವು, ಮಾಂಸ ಜಾಸ್ತಿಯಾದರೆ ಹೊಟ್ಟೆ ಉಬ್ಬರಿಸುತ್ತೆ ಅಂದೆ. “ಹಂಗಂತ ಉಪವಾಸ ಕೆಡವ್ತೀಯಾ?” ಅಂದರು.

ಕೊನೆಗೆ ಎಲ್ಲರೂ ಸೇರಿ ಕೊಟ್ಟ ತೀರ್ಪು: ನಮ್ಮ ನೀರು ಒಗ್ಗಿಲ್ಲ.

ಇಲ್ಲಿ ನನಗೆ ನಿಜಕ್ಕೂ ಸಿಟ್ಟು ಬಂತು. ನಮ್ಮ ಬೋರ್ ನೀರನ್ನು ಬೈಯೋ ಹಕ್ಕು ನಮ್ಮ ಮನೆಯವರಿಗಿದೆ. ಅಮ್ಮ ಇದರಲ್ಲಿ ತೊಗರಿಬೇಳೆ ಇಟ್ಟರೆ ಕುಕ್ಕರ್ ಕೂಗಿ ಕೂಗಿ ಸುಸ್ತಾಗುತ್ತದೆ, ಬೇಳೆ ಮಾತ್ರ ಹಾಕಿದ ಹಾಗೇ ಇರುತ್ತದೆ. ನೀರಿನ ಕ್ಯಾಲ್ಸಿಯಂ, ಮೆಗ್ನೀಸಿಯಂ ಬೇಳೆಯೊಳಗಿನ ಪೆಕ್ಟಿನ್ ಅನ್ನುವ ನಾರಿಗೆ ಅಂಟಿಕೊಂಡು ಮೆತ್ತಗಾಗಲು ಬಿಡುವುದಿಲ್ಲ. ಅದಕ್ಕೇ ಬೇಳೆಗೆ, ಕಾಫಿಗೆ, ಕುಡಿಯೋಕೆ ಕ್ಯಾನ್ ನೀರು. ಬೋರ್ ನೀರಿನಲ್ಲಿ ಸೋಪು ನೊರೆ ಬರೋಲ್ಲ, ಗೀಸರ್ ಕಾಯಿಲ್ ಸುಣ್ಣ ಕಟ್ಟಿಕೊಂಡು ಸುಟ್ಟುಹೋಗುತ್ತದೆ, ಜಿಲ್ಲೆಯ ಹಲವು ಹಳ್ಳಿಗಳಲ್ಲಿ ಫ್ಲೋರೈಡಿನಿಂದ ಮಕ್ಕಳ ಹಲ್ಲಿನ ಮೇಲೆ ಕಂದು ಕಲೆ. ಅದೂ ಸಾವಿರ ಅಡಿ ದಾಟಿ ಕೊರೆಸಿದರೆ ಸಿಕ್ಕೀತು, ಇಲ್ಲವಾದರೆ ಬರೀ ದೂಳು. 2018ರಲ್ಲಿ ಕೆ.ಸಿ. ವ್ಯಾಲಿ ಯೋಜನೆ ಬಂತು, ಬೆಂಗಳೂರಿನ ಕೊಳಚೆಯನ್ನು ಸಂಸ್ಕರಿಸಿ ನಮ್ಮ ಕೆರೆಗಳಿಗೆ ಬಿಟ್ಟರು, ಕೆರೆ ತುಂಬಿದ್ದು ನೋಡಿ ಖುಷಿಪಟ್ಟವರಲ್ಲಿ ನಾನೂ ಒಬ್ಬ. ಎರಡು ಹಂತದ ಶುದ್ಧಿ ಸಾಕಾ, ಮೂರನೆಯದೂ ಬೇಕಾ ಅನ್ನುವ ಜಗಳ ಮಾತ್ರ ಮುಗಿದಿಲ್ಲ. ನಮ್ಮ ಟೊಮೆಟೊ, ನಮ್ಮ ಹಾಲು ಅವರಿಗೆ, ಅವರು ತೊಳೆದು ಬಿಟ್ಟ ನೀರು ನಮಗೆ. ಈ ಲೆಕ್ಕ ನನಗೆ ಯಾವತ್ತೂ ಸರಿ ಕಂಡಿಲ್ಲ.

ಮೀನಿನ ವಿಷಯಕ್ಕೆ ಬರೋಣ. ಮಲಾವಿಯ ನೀರಿನ ಪಿಎಚ್ 8ರ ಆಸುಪಾಸು, ಅಂದರೆ ಸ್ವಲ್ಪ ಕ್ಷಾರದ ಕಡೆಗೆ. ಸುಣ್ಣದಂಶ ಕಡಿಮೆ ಇರುವ ಮೆದು ನೀರಿನ ಊರುಗಳಲ್ಲಿ ಈ ಮೀನು ಸಾಕುವವರು ಹವಳದ ಪುಡಿ, ಅಡುಗೆ ಸೋಡ ಎಲ್ಲ ಹಾಕಿ ನೀರನ್ನು ಹದ ಮಾಡಿಕೊಳ್ಳುತ್ತಾರೆ. ನಮ್ಮದು ಮೊದಲೇ ಗಡಸು ನೀರು, ನಾವು ನಲ್ಲಿ ತಿರುಗಿಸಿದರೆ ಆಯ್ತು. ಈ ನೀರು ಸರಿಹೋಗುವ ನೆಂಟರು ನಮ್ಮ ಮನೆಗೆ ಬಂದಿದ್ದೇ ಮೊದಲು, ಅದಕ್ಕೂ ಕೊಂಕು.

“ಅದರ ಬದಲು ಕೆರೆಯ ಜಿಲೇಬಿ ಮೀನು ತರಬೇಕಿತ್ತು, ಏನು ಹಾಕಿದ್ರೂ ತಿನ್ನುತ್ತೆ” ಅಂದರು ಮಾವ. ಜಿಲೇಬಿಯೂ ಸಿಕ್ಲಿಡ್ಡೇ, ಅದೂ ಆಫ್ರಿಕಾದ್ದೇ, 1952ರಲ್ಲಿ ನಮ್ಮ ದೇಶಕ್ಕೆ ತಂದದ್ದು. ಹೇಳಿದೆ. “ಹಂಗಾದ್ರೆ ಇದನ್ನೂ ಹುರೀಬಹುದು” ಅಂದರು.

ನಿನ್ನೆ ಕೆಲವು ಪೆಲೆಟ್ ಬಾಯಿಗೆ ಹಾಕಿ ಉಗುಳಿದವು. ಒಳ್ಳೇ ಲಕ್ಷಣ. ದೊಡ್ಡದೊಂದು ಮಾತ್ರ ಅದನ್ನೂ ಮಾಡಲಿಲ್ಲ, ಗಂಟಲು ಬೇರೆ ಉಬ್ಬಿದೆ. ಈ ಜಾತಿಯ ಹೆಣ್ಣು ಮೊಟ್ಟೆಗಳನ್ನು ಬಾಯಲ್ಲೇ ಇಟ್ಟುಕೊಂಡು ಸುಮಾರು ಮೂರು ವಾರ ಹೆಚ್ಚೂಕಮ್ಮಿ ಏನೂ ತಿನ್ನದೆ ಕಾಯುತ್ತದೆ. ಆಂಟಿಗೆ ಹೇಳಿಲ್ಲ. ಹೇಳಿದರೆ ಬಯಕೆ ಊಟ ಹೊತ್ತುಕೊಂಡು ಬರುತ್ತಾರೆ.